ಚೀಲದಾಚೆಯ ತಾರೀಖು

ಉದ್ದಾನ ಸೀಮೆಯ ಗೇರುತೋಪುಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಶಾ ಕಾರ್ಯಕರ್ತೆ ತವಿಟಮ್ಮ ಅಂಗಳದಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಒಳಗೆ ಅವರ ಚಿಕ್ಕಮ್ಮ ಗರುವಮ್ಮನ ಹೊಟ್ಟೆಗೆ ಕೂಡಿಸಿದ ಸಣ್ಣ ಕೊಳವೆಯಿಂದ, ರಾತ್ರಿ ಹೊಟ್ಟೆಗೆ ಬಿಟ್ಟಿದ್ದ ಔಷಧಿ ನೀರು ಚೀಲಕ್ಕೆ ಇಳಿಯುತ್ತಿದೆ. ಕೆಟ್ಟ ಕಿಡ್ನಿ ಮಾಡಲಾರದ ಕೆಲಸವನ್ನು ಎರಡು ವರ್ಷದಿಂದ ಈ ನೀರೇ ಮಾಡುತ್ತಿದೆ.

ಈ ಸೀಮೆಯಲ್ಲಿ ಕಿಡ್ನಿ ಹಾಳಾದವರಿಲ್ಲದ ಮನೆಯನ್ನು ಹುಡುಕಬೇಕು. ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆ ರಕ್ತ ಕೊಟ್ಟು ಕೊಟ್ಟು ಜನಕ್ಕೆ ಸಾಕಾಗಿದೆ. ತವಿಟಮ್ಮನವರ ಪಾಲಿಗೆ ಬಂದಿರುವುದು ನಾಲ್ಕು ಊರು. ಪಟ್ಟಣಕ್ಕೆ ಹೋಗಿ ಮಿಷನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುವವರು ಹದಿನೇಳು ಮಂದಿ, ಮನೆಯಲ್ಲೇ ಹೊಟ್ಟೆಗೆ ನೀರು ಬಿಟ್ಟುಕೊಳ್ಳುವವರು ಮೂವರು.

“ಯಾವುದು ಒಳ್ಳೇದು ಅಂತ ಎಲ್ಲರೂ ಕೇಳ್ತಾರೆ. ಮಿಷನ್ನಾದ್ರೆ ವಾರದಲ್ಲಿ ಮೂರು ದಿನ ಹೋಯ್ತು. ನಾಲ್ಕು ಗಂಟೆ ಮಲಗಿ ಬಂದವರು ಮಾರನೇ ದಿನವೂ ಏಳಲ್ಲ. ಹೊಟ್ಟೆ ನೀರಾದ್ರೆ ಮನೇಲೇ ಇರ್ಬಹುದು. ಆದ್ರೆ ದಿನಾ ನಾಲ್ಕು ಸಲ ಬದಲಾಯಿಸ್ಬೇಕು, ಕೈ ಒಂಚೂರು ಕೊಳಕಿದ್ರೂ ಹೊಟ್ಟೇಲಿ ಕೀವಾಗುತ್ತೆ. ಒಳ್ಳೇದು ಯಾವುದೂ ಇಲ್ಲ ಸಾರ್,” ಎಂದು ತವಿಟಮ್ಮ ಜೊತೆಗೆ ಬಂದ ವರದಿಗಾರರಿಗೆ ಹೇಳುತ್ತಾರೆ.

ಓದು ಬಾರದವರಿಗೆಂದು ಅವರೇ ಒಂದು ಉಪಾಯ ಮಾಡಿದ್ದಾರೆ. ಹೊರಬಂದ ನೀರಿನ ಚೀಲವನ್ನು ಕ್ಯಾಲೆಂಡರಿನ ಮೇಲಿಡಬೇಕು. ಆ ದಿನದ ತಾರೀಖು ಚೀಲದಾಚೆ ಕಂಡರೆ ನೀರು ತಿಳಿ, ಕಾಣದಿದ್ದರೆ ಸೋಂಕು. ಮೊನ್ನೆ, ನಿನ್ನೆ ಎರಡು ದಿನ ತರಬೇತಿಗೆ ಹೋಗಿದ್ದ ತವಿಟಮ್ಮ, ಚೀಲದಾಚೆ ಯಾವ ತಾರೀಖು ಕಾಣುತ್ತಿದೆ ಎಂದು ಫೋನಿನಲ್ಲೇ ವಿಚಾರಿಸಿಕೊಂಡಿದ್ದರು.

ಈಗ ಚೀಲ ಎತ್ತಿ ಕ್ಯಾಲೆಂಡರಿನ ಮೇಲಿಡುತ್ತಾರೆ. ಇವತ್ತಿನ ತಾರೀಖು ಹದಿನಾಲ್ಕು ಕಾಣುವುದಿಲ್ಲ. ನೀರು ಅಕ್ಕಿ ತೊಳೆದ ಹಾಗಿದೆ.

“ಚಿಕ್ಕಮ್ಮಾ, ನಿನ್ನೆ ಹದಿಮೂರು ಅಂದ್ಯಲ್ಲ?”

“ನಿನ್ನೆ ಹದಿಮೂರೇ ತಾನೇ? ನಂಗೆ ಅಷ್ಟೂ ಗೊತ್ತಿಲ್ವಾ?”

“ನಾನು ಕೇಳಿದ್ದು ಕಾಣಿಸ್ತಾ ಅಂತ.”

ಗರುವಮ್ಮ ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. “ಕಾಣಿಸ್ಲಿಲ್ಲ ಅಂದಿದ್ರೆ ನೀನು ನನ್ನನ್ನ ಮಿಷನ್ನಿಗೆ ಹಾಕ್ತಿದ್ದೆ. ನಿನ್ನ ಚಿಕ್ಕಪ್ಪನ್ನ ಹಾಕಿದ್ಯಲ್ಲ, ಹಾಗೆ.” ಅವರ ಗಂಡ ಮಿಷನ್ನಿನಿಂದ ಮನೆಗೆ ಬರುವಾಗ ಆಟೋದಲ್ಲೇ ತೀರಿಕೊಂಡಿದ್ದರು.

ಆ ದಿನದ ತಾರೀಖು ಯಾರಿಗೆ ತಾನೇ ಗೊತ್ತಿರುವುದಿಲ್ಲ? ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ತವಿಟಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಸೋಂಕು ಇದು ಮೂರನೇ ಸಲ. ಇನ್ನೊಮ್ಮೆ ಹೀಗಾದರೆ ಕೊಳವೆ ತೆಗೆದು ಮಿಷನ್ನಿಗೆ ಹಾಕುತ್ತೇವೆ ಎಂದು ವೈದ್ಯರು ಹೋದ ಸಲವೇ ಹೇಳಿದ್ದಾರೆ. ಕದಡಿದ ಚೀಲವನ್ನು ವೈದ್ಯರಿಗೆ ತೋರಿಸಲು ಕಟ್ಟಿಕೊಂಡು ಆಟೋಗೆ ಫೋನು ಮಾಡುತ್ತಾರೆ.

ಹೊರಡುವಾಗ ಗರುವಮ್ಮ ಹೊಸ ನೀರಿನ ಚೀಲ ತೂಗುಹಾಕುತ್ತಿದ್ದ ಮೊಳೆಯನ್ನು ತೋರಿಸುತ್ತಾರೆ. “ಅದನ್ನ ಕೀಳ್ಬೇಡ ಕಣೇ.”

“ಇಲ್ಲ ಚಿಕ್ಕಮ್ಮಾ.”

ತವಿಟಮ್ಮನವರ ಕಿಡ್ನಿಯೂ ಅರ್ಧಕ್ಕಿಂತ ಹೆಚ್ಚು ಹೋಗಿದೆ. ಊರಲ್ಲಿ ಯಾರಿಗೂ ಹೇಳಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಮ್ಮ ಆಸೆಯನ್ನು ಹೇಳಿಕೊಳ್ಳುತ್ತಾರೆ.

“ನನ್ನ ಸರದಿ ಬಂದಾಗ ನಾನೂ ಹೊಟ್ಟೆ ನೀರೇ ಬೇಕು ಅಂತೀನಿ. ಕದಡಿದ್ರೆ ನಾನೂ ಸುಳ್ಳೇ ಹೇಳ್ತೀನೇನೋ, ಹೆದರಿಕೆ ಅಂಥದ್ದು. ನನ್ನನ್ನ ಫೋನಲ್ಲಿ ಕೇಳೋದು ಬೇಡ. ಯಾರಾದ್ರೂ ಮನೆಗೆ ಬಂದು ಚೀಲ ಎತ್ತಿ ನೋಡ್ಲಿ, ಅಷ್ಟು ಸಾಕು.”