ನಡುಗಡ್ಡೆ ಸಿಕ್ಕದ್ದು ಹೀಗೆ

ನಕಾಶೆಯನ್ನು ನಾನು ತೆರೆದು ನೋಡಿದ್ದೆ. ನೋಡಿಲ್ಲ ಎಂದು ಮಾವನವರಿಗೆ ಹೇಳಿದೆ. ಅವರು ನನ್ನನ್ನು ನಂಬಿ, ನಮ್ಮ ಮನೆಯಲ್ಲಿ ಯಾರೂ ನಕಾಶೆ ನೋಡಿಲ್ಲವೆಂದು ಪರದೇಶದವರಿಗೆ ತಮ್ಮ ಮಾತು ಕೊಟ್ಟರು. ನನ್ನ ತಪ್ಪು ಇಷ್ಟೇ — ಕೇಳಿದವರಿಗೆ ನಗು ಬಂದರೂ ಬರಬಹುದು. ಹಾರಿದ ವಿಮಾನ ಖರೆ ವಿಮಾನವಲ್ಲ, ಕೆಳಗಿನ ಸಮುದ್ರವೂ ಖರೆ ಸಮುದ್ರವಲ್ಲ. ಆದರೆ ಅವರು ಕೊಟ್ಟ ಮಾತು ಖರೆ ಇತ್ತು, ಅದನ್ನು ಸುಳ್ಳು ಮಾಡಿದವಳು ನಾನು.

ಮಿರಜದಲ್ಲಿ ನನ್ನ ಗಂಡನ ಔಷಧಿ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ತೆರೆದ ಕಾಲ ಅದು. ವರ್ಷಗಟ್ಟಲೆ ಕಾದರೂ ಬರದಿದ್ದ ಫೋನು ಬೇಡವೆಂದರೂ ಮನೆಗೆ ಬರತೊಡಗಿತ್ತು. ಅಂಗಡಿಯ ಸ್ಟಾಕು ಬರೆಯಲೆಂದು ಗಂಡ ಕಂಪ್ಯೂಟರ್ ತಂದರು. ಕಲಿಯುವ ತಾಳ್ಮೆ ಅವರಿಗಿರಲಿಲ್ಲ, ಕಲಿತವಳು ನಾನು. ಮಾವನವರು ಆಗಷ್ಟೇ ರೈಲ್ವೆಯ ಕಂಟ್ರೋಲ್ ಆಫೀಸಿನಿಂದ ನಿವೃತ್ತರಾಗಿದ್ದರು. ಇಡೀ ಜನ್ಮ ಗಾಡಿಗಳ ವೇಳೆ ನೋಡಿದವರು ಈಗ ನಮ್ಮ ಚಹಾದ ವೇಳೆಯನ್ನೂ ನೋಡತೊಡಗಿದರು. "ಇವರಿಗೆ ಏನರ ಕೆಲಸಾ ಹಚ್ಚವಾ, ನನ್ನ ತಲಿ ತಿನ್ನಾಕತ್ತಾರ" ಎಂದರು ಅತ್ತೆ. ನಾನು ವಿಮಾನ ಹಾರಿಸುವ ಆಟ ಹಚ್ಚಿಕೊಟ್ಟೆ. ಅದನ್ನು ಆಟ ಎಂದು ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರಾಗಲಿ ನಾನಾಗಲಿ ಖರೆ ವಿಮಾನದ ಮೆಟ್ಟಿಲನ್ನು ತುಳಿದವರೇ ಅಲ್ಲ.

ಇಂಟರ್ನೆಟ್ಟಿನಲ್ಲಿ ಒಂದು ಪರದೇಶಿ ಮಂಡಳಿ ಹಳೆಯ ಪ್ರಯಾಣಿಕ ವಿಮಾನಗಳ ರ್‍ಯಾಲಿ ನಡೆಸುತ್ತಿತ್ತು. ಎಲ್ಲೆಲ್ಲಿಯ ಜನ ತಮ್ಮ ತಮ್ಮ ಮನೆಯಲ್ಲೇ ಕುಳಿತು ಡಕೋಟಾದಂಥ ಮುದಿ ವಿಮಾನಗಳನ್ನು ಕಂಪ್ಯೂಟರಿನ ಮೇಲೆ ಊರಿಂದೂರಿಗೆ ಒಯ್ಯಬೇಕು — ಅದೂ ಹಳೆಯ ಕಾಲದವರ ಹಾಗೆ, ದಿಕ್ಸೂಚಿ, ಗಡಿಯಾರ, ಗಾಳಿಯ ಲೆಕ್ಕ ಇಷ್ಟರ ಮೇಲೆಯೇ. ನಾಲ್ಕು ಗಂಟೆಯ ಹಾದಿಗೆ ನಾಲ್ಕು ಗಂಟೆ ಕೂಡಬೇಕು. ವಿಮಾನ ಎಲ್ಲಿದೆ ಎಂದು ತೋರಿಸುವ ನಕಾಶೆ ಒಂದು ಕೀಲಿ ಒತ್ತಿದರೆ ಬರುತ್ತಿತ್ತು, ಅದನ್ನು ಒತ್ತಬಾರದು. ಒತ್ತಿದರೆ ಹಿಡಿಯುವವರು ಯಾರೂ ಇಲ್ಲ, ಎಲ್ಲ ನಂಬಿಗೆಯ ಮೇಲೆ. ಮಾವನವರಿಗೆ ಇದೇ ಬಹಳ ಹಿಡಿಸಿತು. ಒಂದು ಚಾತುರ್ಮಾಸದಲ್ಲಿ ಅವರು ಜೈನ ಮುನಿಗಳ ಎದುರು ಗೃಹಸ್ಥರು ಪಾಲಿಸುವ ಅಣುವ್ರತ ತೆಗೆದುಕೊಂಡಿದ್ದರು. ಸುಳ್ಳಾಡುವುದಿಲ್ಲ ಎಂಬುದು ಅದರಲ್ಲೊಂದು. ಬೇಡವಾದವರು ಬಾಗಿಲಿಗೆ ಬಂದಾಗ 'ಮನ್ಯಾಗಿಲ್ಲ' ಎಂದು ನಮ್ಮಿಂದ ಹೇಳಿಸಲೂ ಒಪ್ಪದ ಮನುಷ್ಯ.

"ನಾ ಹಾದಿ ಹೇಳತೇನಿ, ನೀ ಗಾಡಿ ಹೊಡಿ" ಎಂದರು. ಹಾಗೆ ಮಾವ ನ್ಯಾವಿಗೇಟರ್, ತಲೆಯ ಮೇಲೆ ಸೆರಗು ಹೊದ್ದ ಸೊಸೆ ಪೈಲಟ್. ನಾನು ಸಲಗರೆಯ ಕಡೆಯ ಹಳ್ಳಿಯವಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಇಂದು ಯಾವ ಪಲ್ಯ ಎಂದೂ ನನ್ನನ್ನು ಕೇಳಿದವರಿರಲಿಲ್ಲ. ಸಮುದ್ರದ ಮೇಲೆ ಮಾತ್ರ ಮಾವನವರು ಕನ್ನಡಕ ಸರಿಸಿ ಕೇಳುತ್ತಿದ್ದರು — "ಏನಂತೀ ಪೈಲಟ್?" ಆ ಒಂದು ಮಾತಿಗಾಗಿ ನಾನು — ಇರಲಿ, ಅದೆಲ್ಲ ನೆಪ.

ಕೊನೆಯ ಹಾದಿ ಕೊಲಂಬೋದಿಂದ ಮಾಲ್ದೀವ್ಸಿನ ದಕ್ಷಿಣ ತುದಿಯ ಒಂದು ನಡುಗಡ್ಡೆಗೆ. ನಡುವೆ ನೀರು ಬಿಟ್ಟರೆ ಏನೂ ಇಲ್ಲ. ದಿಕ್ಕು ಒಂದಿಷ್ಟು ತಪ್ಪಿದರೂ ನಡುಗಡ್ಡೆ ಕಣ್ಣಿಗೆ ಬೀಳದೆ ಹಾದುಹೋಗುತ್ತದೆ. ಮಧ್ಯಾಹ್ನ ಉಂಡು ಹೊರಟೆವು. ಅತ್ತೆ ಅಂದು ಸಾಂಗ್ಲಿವಾಡಿಗೆ ತಂಗಿಯ ಮನೆಗೆ ಹೋಗಿದ್ದರು. ಹೊತ್ತು ಮುಳುಗುವ ಮುನ್ನ ಮಾವನವರ ಊಟ ಆಗಬೇಕು, ಬಡಿಸುವವಳು ನಾನೊಬ್ಬಳೇ. ವಿಮಾನ ತಾನೇ ನೆಟ್ಟಗೆ ಹೋಗುವ ಹಾಗೆ ಒಂದು ಗುಂಡಿ ಇತ್ತು, ಅದನ್ನು ಒತ್ತಿ ಅಡುಗೆಮನೆಗೆ ಹೋದೆ. ಹಳೆಯ ಯಂತ್ರ, ಮೆಲ್ಲಗೆ ಒಂದು ಮಗ್ಗುಲಿಗೆ ಜಾರುತ್ತದೆ, ಆಗಾಗ ಹೋಗಿ ನೋಡಬೇಕು. ನನಗೆ ನೆನಪಿತ್ತು. ಇನ್ನೊಂದು ಜೋಳದ ಭಕ್ಕರಿ ತಟ್ಟಿ ಹೋದರಾಯಿತು ಅಂದುಕೊಂಡೆ. ಅದಾದ ಮೇಲೆ ಮತ್ತೊಂದು.

ಉಂಡು ಕೈತೊಳೆದು ಮಾವನವರು ಣಮೋಕಾರ ಮಂತ್ರ ಹೇಳಲು ಕುಳಿತರು. ನಾನು ಬಂದು ನೋಡುತ್ತೇನೆ — ದಿಕ್ಸೂಚಿಯ ಮುಳ್ಳು ಎಲ್ಲಿಯೋ ಇದೆ. ಯಾವಾಗಿನಿಂದ ಜಾರಿದೆ, ಎಷ್ಟು ದೂರ ತಪ್ಪಿದೆ, ಒಂದೂ ತಿಳಿಯದು. ಎದ್ದುಹೋಗಿ 'ಮಾವಾರ, ಹಾದಿ ತಪ್ಪೇತಿ' ಎಂದು ಹೇಳಬಹುದಿತ್ತು. ಅವರು ಸಿಟ್ಟಾಗುತ್ತಿರಲಿಲ್ಲ, 'ಹಾದಿ ತಪ್ಪಿದಿವಿ ಅಂತನ ಬರಿ' ಅನ್ನುತ್ತಿದ್ದರು. ಆದರೆ ಮರುದಿನದಿಂದ ನಾನು ಮತ್ತೆ ಬರೀ ಸೊಸೆ. ಒಳಗಿನಿಂದ ಅವರ ಮಂತ್ರದ ದನಿ ಕೇಳುತ್ತಲೇ ಇತ್ತು. ನಾನು ಕೀಲಿ ಒತ್ತಿದೆ. ನಕಾಶೆ ಬಂತು, ನಡುಗಡ್ಡೆ ನಮ್ಮ ಬಲಕ್ಕೆ ದೂರದಲ್ಲಿತ್ತು. ನೋಡಿದೆ, ಮುಚ್ಚಿದೆ, ವಿಮಾನ ತಿರುಗಿಸಿದೆ.

"ದಿಕ್ಕು ಸರಿ ಐತೇನು?" ಎನ್ನುತ್ತ ಬಂದರು.

"ಸ್ವಲ್ಪ ಸರದಿತ್ತರಿ. ಅಂದಾಜ ಮ್ಯಾಲೆ ತಿರುಗಿಸೇನಿ."

"ಶಾಣ್ಯಾಕಿ" ಎಂದರು.

ನಡುಗಡ್ಡೆ ಕಂಡಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಪರದೆಯ ಮೇಲಿನ ಆ ಹಸಿರು ಚುಕ್ಕೆಗೆ ಕೈಮುಗಿದರು. ನನಗೆ ಸಂತೋಷವೇ ಆಯಿತು — ಸುಳ್ಳೇಕೆ ಹೇಳಲಿ — ತಪ್ಪು ಮಾಡಿದ ಹೆದರಿಕೆಗಿಂತ ಆ ಸಂತೋಷವೇ ದೊಡ್ಡದಿತ್ತು.

ಕೆಲವು ದಿನಗಳ ನಂತರ ಮಂಡಳಿಯವರ ಇಮೇಲ್ ಬಂತು. ವಿಮಾನ ಹೋದ ಹಾದಿಯ ಗೆರೆ ಅವರಲ್ಲಿ ದಾಖಲಾಗುತ್ತಿತ್ತು. ನಿಮ್ಮ ಗೆರೆ ಕೊನೆಗೆ ಒಮ್ಮೆಲೇ ನಡುಗಡ್ಡೆಯ ಕಡೆ ತಿರುಗಿದೆ, ಹೇಗೆ ತಿಳಿಯಿತು ಎಂದು ವಿನಯದಿಂದಲೇ ಕೇಳಿದ್ದರು. ನಾನೇ ಅದನ್ನು ಮಾವನವರಿಗೆ ಕನ್ನಡದಲ್ಲಿ ಹೇಳಿದೆ. ಅವರು ನನ್ನ ಕಡೆ ತಿರುಗಿದರು.

"ನೀ ನಕಾಶ ತೆರದಿದ್ದೇನವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ಅವರ ಮುಖ ನೋಡಿಯೇ ಹೇಳಿದೆ — "ಇಲ್ರಿ ಮಾವಾರ."

"ಹಂಗಾರ ಬರಿ. ನನ್ನ ಸೊಸಿ ಅಂದಾಜ ಮ್ಯಾಲೆ ತಿರುಗಿಸ್ಯಾಳ. ಈ ಮನ್ಯಾಗ ಯಾರೂ ನಕಾಶ ನೋಡಿಲ್ಲ. ಇದು ನನ್ನ ಮಾತು ಅಂತ ಬರಿ."

ಬರೆದೆ, ನನ್ನ ಕೈಯಿಂದಲೇ. ನ್ಯಾವಿಗೇಟರನ ಮಾತಿಗಿಂತ ಹೆಚ್ಚಿನದು ನಮಗೆ ಬೇಡ ಎಂದು ಮಂಡಳಿಯವರು ಉತ್ತರಿಸಿದರು. ಡಕೋಟಾ ಹಾರಿಸಿದವರಲ್ಲಿ ನಾವೇ ಮೊದಲಿಗರಾದೆವು. ಎರಡನೆಯವರು ನಾರ್ವೆ ದೇಶದ ಅಣ್ಣತಂಗಿ. ಅವರಿಗೆ ನಡುಗಡ್ಡೆ ಸಿಕ್ಕಿರಲಿಲ್ಲ, ಸಿಗಲಿಲ್ಲವೆಂದೇ ಬರೆದು ಹಿಂದಿರುಗಿದ್ದರು. ಹಿಂದಿನ ಹಾದಿಗಳ ಲೆಕ್ಕದಲ್ಲಿ ಅವರದು ಎರಡನೆಯ ಸ್ಥಾನ. ನಮಗೆ ಅಭಿನಂದನೆಯನ್ನೂ ಕಳಿಸಿದ್ದರು. ಅದನ್ನು ಓದಿದವಳು ನಾನೇ.

ಆಮೇಲೆ ವರ್ಷಗಳು ಹೋದವು. ನನ್ನ ಮಗ ಚಿಕ್ಕವನಿದ್ದಾಗ ಅದೇ ಕತೆ ಮತ್ತೆ ಹೇಳಿ ಎಂದು ಅಜ್ಜನಿಗೆ ಮರಾಠಿಯಲ್ಲಿ ಗಂಟುಬೀಳುತ್ತಿದ್ದ. "ತುಝಿ ಆಯಿ ಪೈಲಟ್ ಹೋತಿ" ಎಂದೇ ಮಾವನವರು ಶುರು ಮಾಡುವರು — ನಿನ್ನ ತಾಯಿ ಪೈಲಟ್ ಇದ್ದಳು ಎಂದು. ಬೀಗರು ಬರಲಿ, ಬಾಡಿಗೆಯವರು ಬರಲಿ, ನಡುಗಡ್ಡೆಯ ಕತೆ ಕೇಳದೆ ಯಾರೂ ಏಳುವ ಹಾಗಿರಲಿಲ್ಲ. ನಾನು ಒಳಗೆ ಪಾತ್ರೆ ಸಪ್ಪಳ ಮಾಡುತ್ತಿದ್ದೆ.

ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬರುತ್ತದೆ. ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಾ ಇರಲಿ ಅನ್ನುತ್ತೇವೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಎಂಥ ಅನುಕೂಲದ ಮಾತು ನೋಡಿ. ಪ್ರತಿ ವರ್ಷ ನಾನು ಮಾವನವರ ಕಾಲು ಮುಟ್ಟಿ ಅದನ್ನೇ ಹೇಳಿದೆ, ಅವರು ಪ್ರತಿ ವರ್ಷ ಕ್ಷಮಿಸಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನೂ ಒಂದು ವರ್ಷ ಹಗುರಾಗುತ್ತಿದ್ದೆ.

ಈ ವರ್ಷ ನಾನು ಬಾಗಿದಾಗ ಅವರು ತಡೆದರು. ಈಗ ಅವರಿಗೆ ಕಣ್ಣು ಮಂಜು. ಎರಡೂ ಕೈ ಜೋಡಿಸಿ ನನಗೇ ಮುಗಿದರು.

"ಈ ಸಲ ನನ್ನ ಪಾಳಿ. ಆ ರ್‍ಯಾಲಿಯವರು ಕೇಳಿದಾಗ ನಾ ನಿನ್ನ ಮ್ಯಾಲೆ ಸಂಶಯ ಪಟ್ಟೆ. ನಕಾಶ ತೆರದಿದ್ದೇನು ಅಂತ ಮನಿ ಸೊಸಿನ್ನ ಕೇಳಬಾರದಿತ್ತು. ಇಷ್ಟ ವರ್ಷ ಹೊಟ್ಟ್ಯಾಗ ಇಟಗೊಂಡೇನಿ. ಕ್ಷಮಾ ಮಾಡವಾ."

ನಾನು ಮರೆತು ನಕ್ಕು ಉಂಡ ವರ್ಷಗಳೆಲ್ಲ ಈ ಮನುಷ್ಯ, ಸರಿಯಾಗಿಯೇ ಕೇಳಿದ ಒಂದು ಪ್ರಶ್ನೆಯನ್ನು ಪಾಪವೆಂದು ಹೊತ್ತಿದ್ದರು.

"ತೆರದಿದ್ದೆ ಮಾವಾರ" ಎಂದೆ. "ನೀವು ಕೇಳಿದ್ದು ಸರೀ ಇತ್ತು."

ಭಕ್ಕರಿಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಕೇಳಿದ್ದು ಇಷ್ಟೇ — "ಎರಡನೇದವರು ಯಾರಿದ್ದರು?" ಹೇಳಿದೆ. "ಅವರಿಗೆ ಬರಿ. ಮಂಡಳಿಯವರಿಗೂ ಬರಿ." ಅಂದು ಅವರು ಉಣ್ಣಲಿಲ್ಲ. ಈ ವಯಸ್ಸಿನಲ್ಲಿ ಉಪವಾಸವೇ ಎಂದು ನನ್ನ ಗಂಡ ಗದರಿದರು. "ಸುಳ್ಳು ಹ್ವಾದದ್ದು ನನ್ನ ಹೆಸರಿಲೆ" ಎಂದು ಮಾವನವರು ಮಗ್ಗುಲು ಬದಲಿಸಿದರು. ಅಂದು ನನಗೂ ಅನ್ನ ಇಳಿಯಲಿಲ್ಲ, ಆದರೆ ಅದನ್ನು ಉಪವಾಸ ಅನ್ನಲಾರೆ.

ಸಂಜೆ ಹೋಗಿ ಅವರ ಕಾಲ ಬಳಿ ಕುಳಿತೆ. "ಕ್ಷಮಾ ಮಾಡ್ರಿ" ಎಂದೆ. ಹೊರಗೆ ಗಲ್ಲಿಯಲ್ಲಿ ಜನ ಇನ್ನೂ ಒಬ್ಬರಿಗೊಬ್ಬರು ಅದೇ ಮಾತು ಹೇಳುತ್ತ ಹೋಗುತ್ತಿದ್ದರು. ಮಾವನವರು ಯೋಚಿಸಿದರು.

"ಮಾಡೇನಿ ಅಂದ್ರ ಸುಳ್ಳಾಗತದವಾ. ಇನ್ನಾ ಮನಸಿನ್ಯಾಗ ಬಂದಿಲ್ಲ. ಬಂದ ದಿನಾ ಹೇಳತೇನಿ."

ಇಮೇಲ್ ಕಳಿಸಿದ್ದೇನೆ. ಆ ಮಂಡಳಿ ಇದೆಯೋ ಇಲ್ಲವೋ, ಆ ಅಣ್ಣತಂಗಿ ಎಲ್ಲಿದ್ದಾರೋ, ಯಾರಿಂದಲೂ ಉತ್ತರ ಬಂದಿಲ್ಲ. ಮಗನಿಗೂ ಹೇಳಿದ್ದೇನೆ, ಅವನು ಅಜ್ಜನ ಕೋಣೆಗೆ ಹೋಗಿ ಕುಳಿತ. ಮಾವನವರು ನನ್ನೊಡನೆ ಎಂದಿನಂತೆಯೇ ಇದ್ದಾರೆ. ನೀರು ಕೇಳುತ್ತಾರೆ, ಪಲ್ಯಕ್ಕೆ ಉಪ್ಪು ಕಡಿಮೆ ಅನ್ನುತ್ತಾರೆ. ಆ ಒಂದು ಮಾತು ಮಾತ್ರ ಇನ್ನೂ ಬಂದಿಲ್ಲ. ಬರದೆಯೂ ಹೋಗಬಹುದು — ಅವರ ವಯಸ್ಸು ನನಗೆ ಗೊತ್ತಿದೆ. ಆದರೂ ನಾನು ಮತ್ತೆ ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ನನ್ನ ಮೇಲಿನ ಮರುಕಕ್ಕೆ ಹೂಂ ಅಂದುಬಿಟ್ಟಾರು. ಇನ್ನೊಮ್ಮೆ ಅವರ ಬಾಯಿಂದ ಸುಳ್ಳು ಹೇಳಿಸುವುದು ನನಗೆ ಬೇಡ.