ಎರಡನೇ ಬುತ್ತಿ

ಮುಂಡರಗಿಯಿಂದ ಡಂಬಳದ ಮೇಲೆ ಹಾದು ಗದಗಿಗೆ ಹೋಗುವ ಮುಂಜಾನೆ ಬಸ್ಸಿಗೆ ಆಗ ನಾನೇ ಕಂಡಕ್ಟರ್. ಗದಗಿನಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಊರೂರಿನ ತಾಯಂದಿರು ನನ್ನ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದರು. ಕಟ್ಟಿದ ಬಟ್ಟೆ ನೋಡಿದರೆ ಸಾಕು, ಯಾರ ಮನೆಯದೆಂದು ಹೇಳುತ್ತಿದ್ದೆ.

ಒಂದು ದಿನ ಡಂಬಳದ ಹುಸೇನಬಿ ಒಂದರ ಬದಲು ಎರಡು ಗಂಟು ಇಟ್ಟು ಹೋದಳು. ಗದಗಿನಲ್ಲಿ ಅವಳ ಮಗ ಒಂದನ್ನಷ್ಟೇ ತೆಗೆದುಕೊಂಡ.

"ನಂದು ಒಂದ ರೀ. ಇದು ಯಾರದೋ ಏನೋ."

ಯಾವ ಹುಡುಗ ಹಸಿದು ಕುಂತಾನೋ ಎಂದು ನನಗೆ ಸಮಾಧಾನವಿಲ್ಲ. ಸ್ಟ್ಯಾಂಡಿನಲ್ಲೆಲ್ಲ ಕೇಳಿದೆ, ಯಾರೂ ಬರಲಿಲ್ಲ. ಮಧ್ಯಾಹ್ನ ಗಂಟಿನಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ. ನಾನು ಬಾಡಿಗೆ ಖೋಲಿ ಹಿಡಿದಿದ್ದ ಒಂಟಿ ಮನುಷ್ಯ. ಎಂದಿನಂತೆ ಚಹಾ ಚುರಮುರಿ ಮುಗಿಸಿ ಗಂಟನ್ನು ಕಾಯುತ್ತ ಕುಳಿತೆ. "ಬಿಚ್ಚೂಣು ಬಾರಲೇ" ಎಂದ ಡ್ರೈವರನಿಗೆ ಬೈದೆ.

ಸಂಜೆ ಡಂಬಳದಲ್ಲಿ ಗಂಟನ್ನು ಹುಸೇನಬಿಯ ಕೈಗಿಟ್ಟು, "ಯಾರಿಗಂತ ಹೇಳಬಾರದೇನ ಯವ್ವಾ? ಪಾಪ, ಯಾರೋ ಉಪಾಸ ಬಿದ್ರು" ಎಂದೆ.

ಅವಳು ಹಣೆ ಬಡಿದುಕೊಂಡಳು. "ನಿನಗ ಕಟ್ಟಿದ್ದೆನೋ ತಮ್ಮಾ! ದಿನಾ ಚುರಮುರಿ ತಿಂತಿ ಅಂತ ಮಗ ಹೇಳಿದ್ದ. ಕೈಯಾಗ ಕೊಟ್ರ ಬ್ಯಾಡಂತಿ ಅಂತ ಸುಮ್ಮನ ಇಟ್ಟೆ. ಉಳದದ್ದು ನಿಂದ ಅಂತ ತಿಳೀಲಿಲ್ಲೇನು?"

ಮರುದಿನದಿಂದ ಅವಳ ಮಗ ತನ್ನ ಗಂಟು ಸಿಕ್ಕರೂ ಹೋಗುತ್ತಿರಲಿಲ್ಲ. ನಾನು ನನ್ನದನ್ನು ಬಿಚ್ಚಿ ಒಂದು ತುತ್ತು ಬಾಯಿಗಿಡುವ ತನಕ ಎದುರಿಗೇ ನಿಂತಿರುತ್ತಿದ್ದ. ತಾಯಿಯ ಅಪ್ಪಣೆಯಂತೆ. ಇಡೀ ಸರ್ವಿಸಿನಲ್ಲಿ ಅಷ್ಟು ಬಿಗಿಯಾದ ಚೆಕಿಂಗ್ ನನಗೆ ಮತ್ಯಾರೂ ಮಾಡಲಿಲ್ಲ.