ಡಾಕ್ಟರಮ್ಮನ ಎರಡನೇ ಡಿಸ್ಕ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೇಸಿಗೆ ರಜೆಯಲ್ಲಿ ಮಣಿಪಾಲಕ್ಕೆ ಹೋಗಿ ಕಂಪ್ಯೂಟರಿನದೊಂದು ಸಣ್ಣ ಕೋರ್ಸು ಮಾಡಿ ಬಂದಿದ್ದೆನಷ್ಟೆ, ಊರಿಡೀ ನನ್ನನ್ನು ತಜ್ಞನೆಂದು ಕರೆಯತೊಡಗಿತು. ನಾನೂ ತಡೆಯಲು ಹೋಗಲಿಲ್ಲ.

ಕಾಪುವಿನಿಂದ ಕರೆ ಬಂದದ್ದು ಆಗಲೇ. ಅಲ್ಲಿ ಸ್ವಂತ ಕ್ಲಿನಿಕ್ಕು ನಡೆಸುತ್ತಿದ್ದ ಕೊಂಕಣಿ ಮನೆಮಾತಿನ ಹಿರಿಯ ಡಾಕ್ಟರಮ್ಮನಿಗೆ ಕುವೈತಿನಲ್ಲಿದ್ದ ತಮ್ಮ ಒಂದು ಕಂಪ್ಯೂಟರು ತಂದುಕೊಟ್ಟಿದ್ದ. ಅದರಲ್ಲಿ ಬರೆದದ್ದನ್ನು ಉಳಿಸಿಡುವ ಡಿಸ್ಕು ತುಂಬಿದ್ದರಿಂದ ಈ ಸಲ ಇನ್ನೂ ದೊಡ್ಡದೊಂದನ್ನು ತಂದು, ರಜೆ ಮುಗಿದದ್ದರಿಂದ ಅದನ್ನು ಜೋಡಿಸದೆ ಹೊರಟುಹೋಗಿದ್ದ. ಹೊಸ ಡಿಸ್ಕಿಗೆ ಯಂತ್ರವನ್ನು ನಡೆಸುವ ಡಾಸ್ ತಂತ್ರಾಂಶ ಹಾಕಿ, ಹಳೆಯದನ್ನು ಎರಡನೆಯದಾಗಿ ಜೋಡಿಸಿಕೊಡುವುದು ನನ್ನ ಕೆಲಸ.

ಡಾಸ್ ಸಲೀಸಾಗಿ ಕೂತಿತು. ಪರದೆಯ ಮೇಲೆ ಹೊಸ ಡಿಸ್ಕು ಸಿ ಡ್ರೈವ್ ಎಂದು ಬಂದಾಗ ಡಾಕ್ಟರಮ್ಮ ನನ್ನನ್ನು ನೋಡಿದ ರೀತಿಗೆ ನನ್ನ ಎದೆ ಸ್ವಲ್ಪ ಉಬ್ಬಿತು. ಹಳೆಯದು ಡಿ ಆಗಿ ಬರಬೇಕಿತ್ತು; ಡಿ ಎಂದು ಒತ್ತಿದೆ. ಅಂಥ ಡ್ರೈವೇ ಇಲ್ಲವೆಂದಿತು ಯಂತ್ರ. ಮತ್ತೆ ಒತ್ತಿದೆ. ಜೋರಾಗಿ ಒತ್ತಿದರೆ ಒಪ್ಪೀತೆಂದು ಜೋರಾಗಿಯೂ ಒತ್ತಿದೆ.

"ಅದರಲ್ಲಿ ನನ್ನ ಪ್ರಬಂಧ ಉಂಟು ಮಾಸ್ಟ್ರೇ," ಎಂದರು ಅವರು. "ಇಲ್ಲಿಯ ಮೀನು ಮಾರುವ ಹೆಂಗಸರ ರಕ್ತಹೀನತೆಯ ಬಗ್ಗೆ. ಬರುವ ವಾರ ಉಡುಪಿಯಲ್ಲಿ ಡಾಕ್ಟರುಗಳ ಸಭೆಯಲ್ಲಿ ಓದಬೇಕು."

ನಾನು ಅರ್ಥಿಂಗನ್ನು ದೂರಿದೆ, ವೋಲ್ಟೇಜನ್ನು ದೂರಿದೆ, ಕಡೆಗೆ ಕಾಪುವಿನ ಉಪ್ಪುಗಾಳಿಯನ್ನೂ ಬಿಡಲಿಲ್ಲ. ಏನೂ ಬಗೆಹರಿಯದಾಗ ಗಂಭೀರವಾಗಿ ಹೇಳಿದೆ: "ಫಾರ್ಮ್ಯಾಟ್ ಮಾಡಿದರೆ ಬರಬಹುದು ಡಾಕ್ಟ್ರೇ."

"ಫಾರ್ಮ್ಯಾಟ್ ಅಂದ್ರೆ ಎಂತ?"

"ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು."

"ಅಂದ್ರೆ ಜ್ವರ ಬಿಡಿಸಲಿಕ್ಕೆ ರೋಗಿಯನ್ನೇ ಮೇಲೆ ಕಳಿಸುವುದು, ಅಲ್ವಾ?"

ಕಾಣದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದಾದರೂ ಹೇಗೆಂಬ ಪ್ರಶ್ನೆ ನನಗೆ ಆಮೇಲೆ ಹೊಳೆಯಿತು.

ಅವರು ಕೊರಳಿನ ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಂಡು, ತೆರೆದಿದ್ದ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಬಾಗಿ, ಮೊದಲು ಹೊಸ ಡಿಸ್ಕಿನ ಮೇಲೂ ಆಮೇಲೆ ಹಳೆಯದರ ಮೇಲೂ ಇಟ್ಟು ಆಲಿಸಿದರು. ನಾನು ನಗು ತಡೆದುಕೊಂಡು ನಿಂತಿದ್ದೆ.

"ಹೊಸದು ತಿರುಗ್ತಾ ಉಂಟು. ಹಳೇದರಲ್ಲಿ ಶಬ್ದವೇ ಇಲ್ಲ. ಅದಕ್ಕೆ ಕರೆಂಟು ಕೊಟ್ಟಿದ್ದೀರಾ?"

ಕೊಟ್ಟಿರಲಿಲ್ಲ. ವಿದ್ಯುತ್ತಿನ ವಯರು ಹಳೆಯ ಡಿಸ್ಕಿನ ಹಿಂದೆ ಅನಾಥವಾಗಿ ನೇತಾಡುತ್ತಿತ್ತು. ಯಂತ್ರವನ್ನು ಆರಿಸಿ, ಅವರು ನೋಡುತ್ತಿರುವಾಗಲೇ ಅದನ್ನು ಸಿಕ್ಕಿಸಿದೆ. ಮತ್ತೆ ಹಚ್ಚಿದಾಗ ಡಿಸ್ಕು ತಿರುಗಿತು, ಆದರೆ ಡಿ ಬರಲಿಲ್ಲ. ಈ ಸಲ ಉಪ್ಪುಗಾಳಿಯ ಹೆಸರೆತ್ತದೆ, ಮಣಿಪಾಲದಲ್ಲಿ ಬರೆದುಕೊಟ್ಟಿದ್ದ ಪಾಠ ನೆನಪಿಸಿಕೊಂಡು ಒಳಗೆ ಏನೇನು ಜೋಡಿಸಿದೆಯೆಂದು ಯಂತ್ರಕ್ಕೆ ತಿಳಿಸುವ ಸೆಟಪ್ ಪರದೆ ತೆರೆದೆ. ಅಲ್ಲಿ ಎರಡನೇ ಡಿಸ್ಕಿನ ಎದುರು 'ಇಲ್ಲ' ಎಂದೇ ಇತ್ತು. ಡಿಸ್ಕಿನ ಮೇಲಿನ ಚೀಟಿ ನೋಡಿ ಅದರ ವಿವರ ತುಂಬಿದೆ. ಡಿ ಬಂತು, ಅದರೊಳಗೆ ಪ್ರಬಂಧವೂ ಇತ್ತು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನಾನಿದ್ದೇನೆಂಬುದನ್ನೇ ಮರೆತು ಓದತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆಯೇ, "ಚಾ ಕುಡಿದು ಹೋಗಿ ಮಾಸ್ಟ್ರೇ," ಎಂದರು.

ಉಡುಪಿಯ ಸಭೆಯಲ್ಲಿ ಅವರು ಪ್ರಬಂಧ ಓದಿದ ಮೇಲೆ ನನ್ನನ್ನೂ ಹೊಗಳಿದರಂತೆ. ವಯರಿನ ವಿಷಯ ಹೇಳಲಿಲ್ಲವೆಂದು ಕಾಣುತ್ತದೆ, ಯಾಕೆಂದರೆ ಕೆಲವೇ ದಿನಗಳಲ್ಲಿ ಉಡುಪಿಯ ಬನ್ನಂಜೆಯಿಂದ ಇನ್ನೊಬ್ಬ ಡಾಕ್ಟರು ಹೇಳಿ ಕಳಿಸಿದರು: ಅವರ ಪ್ರಿಂಟರು ಕೆಲಸ ಮಾಡುವುದಿಲ್ಲವಂತೆ. ನಾನು ಆವರೆಗೆ ಪ್ರಿಂಟರನ್ನು ಮುಟ್ಟಿದವನೂ ಅಲ್ಲ. ಭಾನುವಾರ ಬರುತ್ತೇನೆಂದು ತಿಳಿಸಿದೆ.